ಗೆಳೆಯನ ಬಾಯಲ್ಲಿ ಬಂದ ಸುದ್ದಿ: ‘ಶಿ ಲವ್ಸ್ ಯು’ ಹಾಡನ್ನು ಕುರಿತು

(ಸಂಗೀತಾಸಕ್ತರ ಸಣ್ಣ ಕೂಟವೊಂದರಲ್ಲಿ ಹಾಡನ್ನು ಕೇಳಿಸಿ, ಆಮೇಲೆ ಆಡಿದ ಮಾತುಗಳನ್ನು ಅಲ್ಲಲ್ಲಿ ತಿದ್ದಿ, ಬಿಟ್ಟುಹೋದ ಕೆಲವು ವಿವರಗಳನ್ನು ಸೇರಿಸಿ ಬರೆದದ್ದು.)

ಸ್ನೇಹಿತರೇ,

ಈಗಷ್ಟೇ ನಾವೆಲ್ಲ ಒಟ್ಟಿಗೆ ಕೇಳಿದ, ಬೀಟಲ್ಸ್ ಎಂಬ ಇಂಗ್ಲೆಂಡಿನ ನಾಲ್ವರ ತಂಡದ ಈ ಹಾಡು ಮುಗಿಯಲು ಸುಮಾರು 2 ನಿಮಿಷ 20 ಸೆಕೆಂಡು ಹಿಡಿಯಿತು. ಇಷ್ಟು ಚಿಕ್ಕ ಹಾಡಿಗೆ ಒಂದು ಇಡೀ ಸಂಜೆಯ ಮಾತು ಬೇಕೇ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿದ್ದರೆ ಅದು ಸಹಜ. ಬೀಟಲ್ಸ್ ಎಂದೊಡನೆ ನಾವು ಸಾಮಾನ್ಯವಾಗಿ ಅವರ ನಂತರದ ದಿನಗಳನ್ನು, ಅಂದರೆ ಸಿತಾರ್ ಹಿಡಿದ, ಋಷಿಕೇಶಕ್ಕೆ ಹೋದ, ಸ್ಟುಡಿಯೋದಲ್ಲಿ ತಿಂಗಳುಗಟ್ಟಲೆ ಕುಳಿತು ಪ್ರಯೋಗ ಮಾಡಿದ ಗಡ್ಡಧಾರಿಗಳನ್ನು ನೆನೆಯುತ್ತೇವೆ. ಅದಕ್ಕೆ ಮೊದಲಿನ ಹಾಡುಗಳನ್ನು ಹುಡುಗಾಟದ ಹಾಡುಗಳೆಂದು, ಹುಡುಗಿಯರು ಕಿರುಚಲೆಂದೇ ಹುಟ್ಟಿದ ಹಾಡುಗಳೆಂದು ಬದಿಗಿಡುವುದು ವಾಡಿಕೆಯಾಗಿಬಿಟ್ಟಿದೆ. ಈ ವಾಡಿಕೆ ಅನ್ಯಾಯದ್ದು ಎಂದು ನಾನು ಬಹುಕಾಲದಿಂದ ನಂಬಿದ್ದೇನೆ. ಹೀಗೆ ಬದಿಗಿಟ್ಟ ಹಾಡುಗಳಲ್ಲಿ ಅತ್ಯಂತ ಗಟ್ಟಿಯಾದದ್ದು ಯಾವುದು ಎಂದು ಕೇಳಿದರೆ ನನ್ನ ಉತ್ತರ 1963ರ ಆಗಸ್ಟ್ 23ರಂದು ಪಾರ್ಲೊಫೋನ್ ಕಂಪನಿ ಹೊರತಂದ ಈ ಸಿಂಗಲ್, ಅಂದರೆ ಬಿಡಿ ಹಾಡಿನ ಪುಟ್ಟ ರೆಕಾರ್ಡು.

ಆ ಬೇಸಿಗೆಯಲ್ಲಿ ಅವರ ವಯಸ್ಸೆಷ್ಟು ಎಂಬುದನ್ನು ಮೊದಲು ನೆನಪಿಗೆ ತಂದುಕೊಳ್ಳೋಣ. ಹಾಡು ಧ್ವನಿಮುದ್ರಣವಾದ ದಿನ ಜಾನ್ ಲೆನನ್ ಮತ್ತು ರಿಂಗೋ ಸ್ಟಾರ್ 22ರ ತರುಣರು. ಪಾಲ್ ಮೆಕಾರ್ಟ್ನಿಗೆ 21 ತುಂಬಿ ಎರಡು ವಾರವೂ ಆಗಿರಲಿಲ್ಲ. ಜಾರ್ಜ್ ಹ್ಯಾರಿಸನ್‌ಗೆ 20. ನಾಲ್ವರೂ ಲಿವರ್‌ಪೂಲಿನವರು, ಹಡಗುಕಟ್ಟೆಯ ಊರಿನವರು. ಅಮೆರಿಕದ ರೆಕಾರ್ಡುಗಳನ್ನು ಕೇಳಿ ಕೇಳಿ, ಹ್ಯಾಂಬರ್ಗಿನ ಕ್ಲಬ್ಬುಗಳಲ್ಲಿ ರಾತ್ರಿಯಿಡೀ ನುಡಿಸಿ ನುಡಿಸಿ ಕೈ ಪಳಗಿಸಿಕೊಂಡವರು. ಲಂಡನ್ನಿನ ಕಣ್ಣಿಗೆ ಅವರು ಉತ್ತರದ ಹುಡುಗರು, ಅಷ್ಟೆ.

ಹಾಡು ಹುಟ್ಟಿದ ಬಗೆಯನ್ನು ದಿನಾಂಕ ಹಿಡಿದು ಹೇಳಬಹುದು. 1963ರ ಜೂನ್ 26ರಂದು ನ್ಯೂಕ್ಯಾಸಲ್‌ನ ಮೆಜೆಸ್ಟಿಕ್ ಬಾಲ್‌ರೂಮಿನಲ್ಲಿ ಅವರ ಕಾರ್ಯಕ್ರಮವಿತ್ತು. ಆ ಊರಿನ ಹೋಟೆಲಿನ ಕೋಣೆಯೊಂದರಲ್ಲಿ, ಎರಡು ಮಂಚಗಳ ಮೇಲೆ ಎದುರುಬದುರು ಕುಳಿತು, ಗಿಟಾರುಗಳನ್ನು ತೊಡೆಯ ಮೇಲಿಟ್ಟುಕೊಂಡು ಲೆನನ್ ಮತ್ತು ಮೆಕಾರ್ಟ್ನಿ ಇದನ್ನು ಬರೆಯತೊಡಗಿದರು. ಬಾಬಿ ರೈಡೆಲ್ ಎಂಬ ಅಮೆರಿಕದ ಗಾಯಕನ ಹಾಡೊಂದು ಆಗ ತಲೆಯಲ್ಲಿ ಸುಳಿದಾಡುತ್ತಿತ್ತು ಎಂದು ಮೆಕಾರ್ಟ್ನಿ ನಂತರ ನೆನಪಿಸಿಕೊಂಡಿದ್ದಾರೆ. ಇಬ್ಬರು ಒಂದು ಸಾಲು ಹಾಡುವುದು, ಉಳಿದವರು ಅದಕ್ಕೆ ಸೊಲ್ಲು ಕೊಡುವುದು, ಹೀಗೊಂದು ಪ್ರಶ್ನೋತ್ತರದ ಹಾಡು ಮಾಡಬೇಕೆಂಬುದು ಮೂಲ ಯೋಚನೆಯಾಗಿತ್ತು. ಸ್ವಲ್ಪ ಹೊತ್ತಿನಲ್ಲೇ ಆ ಯೋಚನೆ ಅವರಿಗೇ ಪೇಲವವೆನಿಸಿ ಅದನ್ನು ಕೈಬಿಟ್ಟರು. ಆದರೆ ಆ ಹೊತ್ತಿಗೆ ಕೈಗೆ ಬೇರೊಂದು ಸಿಕ್ಕಿತ್ತು: ‘ಅವಳು ನಿನ್ನನ್ನು ಪ್ರೀತಿಸುತ್ತಾಳೆ’ ಎಂಬ ವಾಕ್ಯ.

ಈ ವಾಕ್ಯದ ಮುಂದೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ಇಂದಿನ ನನ್ನ ಮಾತಿನ ತಿರುಳು ಇದರಲ್ಲೇ ಇದೆ. ಇದಕ್ಕೆ ಮೊದಲಿನ ಅವರ ಹಾಡುಗಳ ಹೆಸರುಗಳನ್ನು ಒಮ್ಮೆ ನೋಡಿ: ‘ಲವ್ ಮಿ ಡೂ’, ‘ಪ್ಲೀಸ್ ಪ್ಲೀಸ್ ಮಿ’, ‘ಫ್ರಂ ಮಿ ಟು ಯು’. ನನ್ನನ್ನು ಪ್ರೀತಿಸು, ನನ್ನನ್ನು ಮೆಚ್ಚಿಸು, ನನ್ನಿಂದ ನಿನಗೆ. ಎಲ್ಲದರಲ್ಲೂ ನಾನು, ನೀನು. ಹೆಸರಿನಲ್ಲಿ ಇಂಥ ಸರ್ವನಾಮಗಳನ್ನು ಅವರು ಬೇಕೆಂದೇ ತುರುಕುತ್ತಿದ್ದರು. ರೇಡಿಯೋ ಕೇಳುವ ಹುಡುಗಿಗೆ ಹಾಡು ನೇರವಾಗಿ ತನ್ನನ್ನೇ ಉದ್ದೇಶಿಸಿದ್ದು ಎನ್ನಿಸಬೇಕೆಂಬ ಲೆಕ್ಕಾಚಾರ ಅದರಲ್ಲಿತ್ತು, ಮತ್ತು ಆ ಲೆಕ್ಕ ಫಲಿಸಿತ್ತು ಕೂಡ. ‘ಫ್ರಂ ಮಿ ಟು ಯು’ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತ್ತು. ಗೆದ್ದ ಸೂತ್ರವನ್ನು ಕೈಬಿಡುವುದು ಯಾವ ವ್ಯಾಪಾರದಲ್ಲೂ ಸುಲಭವಲ್ಲ. ಆದರೂ ಈ ಹುಡುಗರು ಮುಂದಿನ ಹಾಡಿನ ಹೆಸರಿನಿಂದ ‘ನಾನು’ ಎಂಬುದನ್ನು ಅಳಿಸಿಹಾಕಿದರು. ಪ್ರೀತಿಸುವವಳು ಅವಳು, ಪ್ರೀತಿ ಪಡೆಯುವವನು ನೀನು. ಹಾಡುವವನಿಗೆ ಇದರಲ್ಲಿ ಯಾವ ಪಾಲೂ ಇಲ್ಲ.

ಹಾಗಾದರೆ ಹಾಡುವವನು ಯಾರು? ಗೆಳೆಯ. ಅವಳನ್ನು ಕಳೆದುಕೊಂಡೆ ಎಂದು ಕೊರಗುತ್ತಿರುವ ಇನ್ನೊಬ್ಬ ಹುಡುಗನ ಬಳಿಗೆ ಅವನು ಓಡಿಬಂದಿದ್ದಾನೆ. ನಿನ್ನೆ ಅವಳನ್ನು ಕಂಡೆ, ಅವಳ ಮನಸ್ಸೆಲ್ಲ ನಿನ್ನ ಮೇಲೇ ಇದೆ, ನಿನಗೆ ಏನು ಹೇಳಬೇಕೆಂದು ಅವಳೇ ನನಗೆ ಹೇಳಿ ಕಳಿಸಿದ್ದಾಳೆ ಎಂದು ಸುದ್ದಿ ಮುಟ್ಟಿಸುತ್ತಾನೆ. ನೀನು ಅವಳನ್ನು ನೋಯಿಸಿದ್ದು ನಿಜ, ಆದರೆ ನೀನು ನೋಯಿಸುವ ಸ್ವಭಾವದವನಲ್ಲವೆಂದು ಈಗ ಅವಳಿಗೆ ಗೊತ್ತಾಗಿದೆ ಎನ್ನುತ್ತಾನೆ. ಮೂರನೆಯ ಚರಣಕ್ಕೆ ಬರುವಾಗ ಅವನು ಬರಿಯ ಓಲೆಕಾರನಾಗಿ ಉಳಿಯುವುದಿಲ್ಲ. ಮುಂದಿನದು ನಿನಗೆ ಬಿಟ್ಟದ್ದು, ಆದರೆ ಒಣಜಂಭ ನಿನ್ನನ್ನೂ ನೋಯಿಸೀತು, ಹೋಗಿ ಅವಳ ಕ್ಷಮೆ ಕೇಳು ಎಂದು ನೇರವಾಗಿ ಬುದ್ಧಿ ಹೇಳುತ್ತಾನೆ. 21, 22 ವರ್ಷದ ಹುಡುಗರು ತಮ್ಮ ಓರಗೆಯ ಹುಡುಗರಿಗೆ, ಕುಣಿಯುವ ಲಯದಲ್ಲಿ, ತಪ್ಪು ನಿನ್ನದು, ಹೋಗಿ ಕ್ಷಮೆ ಕೇಳು ಎಂದು ಹೇಳುತ್ತಿದ್ದಾರೆ ಎಂಬುದನ್ನು ದಯವಿಟ್ಟು ಗಮನಿಸಿ.

ಜಾವಳಿ, ಪದ ಎಂಬ ನಮ್ಮ ಪ್ರೇಮಗೀತೆಗಳನ್ನು ಕೇಳಿದವರಿಗೆ ನಾಯಕ ನಾಯಿಕೆಯರ ನಡುವೆ ಓಡಾಡುವ ಸಖಿ ಅಪರಿಚಿತಳಲ್ಲ. ಮುನಿಸಿಕೊಂಡವರನ್ನು ಕೂಡಿಸುವುದು ಅವಳ ಕೆಲಸ, ಆ ಕೂಟದಲ್ಲಿ ತನಗೇನೂ ದಕ್ಕದಿರುವುದೇ ಅವಳ ಹಿರಿಮೆ. ಲಿವರ್‌ಪೂಲಿನ ಹುಡುಗರಿಗೆ ಸಖಿಯ ಸುಳಿವೂ ಇರಲಿಲ್ಲ, ಆ ಮಾತು ಬೇರೆ. ಆದರೆ ನಮಗೆ ಈ ಗೆಳೆಯನನ್ನು ಗುರುತಿಸಲು ಕಷ್ಟವಾಗಬಾರದು. ಇನ್ನೊಬ್ಬರ ಸಂತೋಷಕ್ಕೆ ತಾನು ಇಷ್ಟೊಂದು ಹಿಗ್ಗುವವನು ಹಾಡುತ್ತಿದ್ದಾನೆ ಎಂಬುದರಿಂದಲೇ ಆ ಹಾಡಿಗೆ ಅಷ್ಟೊಂದು ಬೆಳಕು ಬಂದಿದೆ ಎಂದು ನನಗೆ ತೋರುತ್ತದೆ.

ಮರುದಿನ, ಜೂನ್ 27ರಂದು, ಲಿವರ್‌ಪೂಲಿನ 20, ಫೋರ್ತ್‌ಲಿನ್ ರಸ್ತೆಯ ಮನೆಯಲ್ಲಿ ಹಾಡು ಪೂರ್ತಿಯಾಯಿತು. ಅದು ಮೆಕಾರ್ಟ್ನಿ ಕುಟುಂಬ ಬಾಡಿಗೆಗಿದ್ದ ನಗರಸಭೆಯ ಸಾಲುಮನೆ. ಈಗ ನ್ಯಾಷನಲ್ ಟ್ರಸ್ಟ್ ಅದನ್ನು ಕಾಪಾಡಿಕೊಂಡು ಬಂದಿದೆ. ಪಾಲ್ ಅವರ ತಂದೆ ಜಿಮ್ ಮೆಕಾರ್ಟ್ನಿ ಸಂಗೀತ ಬಲ್ಲವರು, 1920ರ ದಶಕದಲ್ಲಿ ತಮ್ಮದೇ ಜಾಜ್ ತಂಡವನ್ನು ನಡೆಸಿದವರು. ಹುಡುಗರು ಹೋಗಿ ಅವರಿಗೆ ಹಾಡನ್ನು ಕೇಳಿಸಿದಾಗ ಅವರು ಚೆನ್ನಾಗಿದೆ ಎಂದರಂತೆ. ಆದರೆ ಒಂದು ತಕರಾರು ತೆಗೆದರು: ಈ ಅಮೆರಿಕದ ಮಾತುಗಳು ಈಗಾಗಲೇ ಸಾಕಷ್ಟಾಗಿವೆ, ಪಲ್ಲವಿಯಲ್ಲಿ ‘ಯೆ, ಯೆ, ಯೆ’ ಎನ್ನುವ ಬದಲು ‘ಯೆಸ್, ಯೆಸ್, ಯೆಸ್’ ಎಂದು ಹಾಡಬಾರದೇ? ಹುಡುಗರು ನಕ್ಕು ನಕ್ಕು ಸುಸ್ತಾದರು ಎಂದು ಮೆಕಾರ್ಟ್ನಿ ಹಲವು ಬಾರಿ ಹೇಳಿದ್ದಾರೆ.

ತಂದೆಯ ತಕರಾರಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ‘ಯೆಸ್’ ಎಂಬುದು ಶಾಲೆಯ ಮಾತು, ಮೇಷ್ಟರಿಗೆ ಕೊಡುವ ಉತ್ತರ. ನಮ್ಮಲ್ಲಿ ಎದ್ದು ನಿಂತು ‘ಹೌದು ಸಾರ್’ ಎನ್ನುತ್ತೇವಲ್ಲ, ಅದು. ‘ಯೆ’ ಎಂಬುದು ಗೆಳೆಯರು ಜಗಲಿಯ ಮೇಲೆ ಕುಳಿತಾಗ ಹೊರಡುವ ‘ಹ್ಞೂಂ ಕಣೋ’. ಮಾಧುರ್ಯದ ದೃಷ್ಟಿಯಿಂದಲೂ ವ್ಯತ್ಯಾಸವಿದೆ: ‘ಯೆಸ್’ ಸಕಾರದಲ್ಲಿ ಬಾಯಿ ಮುಚ್ಚುತ್ತದೆ, ‘ಯೆ’ ತೆರೆದೇ ಉಳಿಯುತ್ತದೆ, ಉಸಿರಿರುವಷ್ಟು ಹೊತ್ತು ಎಳೆಯಲು ಬರುತ್ತದೆ. ಗೆಳೆಯ ಗೆಳೆಯನಿಗೆ ಹೇಳುವ ಸುದ್ದಿಗೆ ಗೆಳೆಯರ ಮಾತೇ ಬೇಕು. ಈ ಪುಟ್ಟ ಸದ್ದು ಎಷ್ಟು ದೂರ ಹೋಯಿತೆಂದರೆ, 1965ರ ಡಿಸೆಂಬರಿನಲ್ಲಿ ಪೂರ್ವ ಜರ್ಮನಿಯ ನಾಯಕ ವಾಲ್ಟರ್ ಉಲ್ಬ್ರಿಕ್ಟ್ ತಮ್ಮ ಪಕ್ಷದ ಕೇಂದ್ರ ಸಮಿತಿಯ ಸಭೆಯಲ್ಲಿ, ಪಶ್ಚಿಮದಿಂದ ಬರುವ ಪ್ರತಿಯೊಂದು ಕಸವನ್ನೂ ನಾವು ನಕಲು ಮಾಡಲೇಬೇಕೇ, ಈ ‘ಯೆ ಯೆ ಯೆ’ಯ ಏಕತಾನಕ್ಕೆ ಕೊನೆ ಹಾಡಬೇಕು ಎಂಬರ್ಥದಲ್ಲಿ ಗುಡುಗಿದರು. ಲಿವರ್‌ಪೂಲಿನ ಮನೆಯ ಹಿರಿಯರು ನಯವಾಗಿ ಎತ್ತಿದ ಆಕ್ಷೇಪಣೆಯನ್ನೇ ಒಂದು ಸರ್ಕಾರ ಎತ್ತಿದ ಹಾಗಾಯಿತು.

ಇನ್ನು ಧ್ವನಿಮುದ್ರಣದ ದಿನಕ್ಕೆ ಬರೋಣ. ಬರೆದು ಮುಗಿಸಿ ನಾಲ್ಕೇ ದಿನಗಳಾಗಿದ್ದವು. ಜುಲೈ 1ರಂದು ಲಂಡನ್ನಿನ ಅಬ್ಬೆ ರಸ್ತೆಯಲ್ಲಿದ್ದ, ಪಾರ್ಲೊಫೋನಿನ ಒಡೆಯ ಕಂಪನಿ ಇಎಂಐನ ಸ್ಟುಡಿಯೋದಲ್ಲಿ ನಿರ್ಮಾಪಕ ಜಾರ್ಜ್ ಮಾರ್ಟಿನ್, ಎಂಜಿನಿಯರ್ ನಾರ್ಮನ್ ಸ್ಮಿತ್, ಮತ್ತು 17 ವರ್ಷದ ಸಹಾಯಕ ಜೆಫ್ ಎಮೆರಿಕ್ ಇದ್ದರು. ಮೈಕುಗಳನ್ನು ಜೋಡಿಸುತ್ತಿದ್ದಾಗ ಸ್ಮಿತ್ ಅವರ ಕಣ್ಣಿಗೆ ಸ್ಟ್ಯಾಂಡಿನ ಮೇಲಿದ್ದ ಸಾಹಿತ್ಯದ ಹಾಳೆ ಬಿತ್ತು. ಮೇಲಿಂದ ಕೆಳಗೆ ಅದೇ ಸಾಲು, ಅದೇ ಸೊಲ್ಲು. ಇದೆಂಥ ಸಾಹಿತ್ಯ, ಇದು ನನಗೆ ಹಿಡಿಸುವುದಿಲ್ಲ ಎಂದುಕೊಂಡರಂತೆ. ಹುಡುಗರು ನುಡಿಸತೊಡಗಿದ ಮೇಲೆ ಮನಸ್ಸು ಬದಲಾಯಿತಂತೆ. ಹಾಡನ್ನು ಹಾಳೆಯ ಮೇಲೆ ಓದಿ ತೀರ್ಮಾನಿಸುವವರಿಗೆ ಈ ಪ್ರಸಂಗವನ್ನು ನಾನು ಆಗಾಗ ಹೇಳುವುದುಂಟು. ಅದೇ ದಿನ ಹೊರಗೆ ನೆರೆದಿದ್ದ ಹುಡುಗಿಯರ ಗುಂಪು ಬಾಗಿಲು ದಾಟಿ ಸ್ಟುಡಿಯೋದ ಒಳಗೇ ನುಗ್ಗಿತು, ಓಣಿಗಳಲ್ಲಿ ಓಟ ಹಿಡಿದಾಟ ನಡೆಯಿತು, ಆ ಗಡಿಬಿಡಿಯ ಕಾವು ಹಾಡಿನೊಳಕ್ಕೂ ಇಳಿಯಿತು ಎಂದು ಎಮೆರಿಕ್ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ.

ಆಗ ಬಳಕೆಯಲ್ಲಿದ್ದದ್ದು ಎರಡು ಪಥಗಳ ಯಂತ್ರ. ವಾದ್ಯಗಳು ಒಂದರ ಮೇಲೆ, ಕಂಠಗಳು ಇನ್ನೊಂದರ ಮೇಲೆ. ತಪ್ಪನ್ನು ಮುಚ್ಚಲು, ಪದರದ ಮೇಲೆ ಪದರ ಕಟ್ಟಲು ಅವಕಾಶ ಬಹಳ ಕಡಿಮೆ. ಏನಾಗಬೇಕೋ ಅದು ನುಡಿಸುವಾಗಲೇ ಆಗಬೇಕು.

ಮೊದಲ ಎರಡು ಸೆಕೆಂಡುಗಳನ್ನು ಮತ್ತೆ ಹಾಕುತ್ತೇನೆ, ಕಿವಿಗೊಟ್ಟು ಕೇಳಿ. ರಿಂಗೋ ನೆಲದ ಮೇಲೆ ನಿಂತ ದೊಡ್ಡ ಟಾಮ್ ಡ್ರಮ್ಮಿನ ಮೇಲೆ ಒಂದು ಉರುಳು ಬಾರಿಸುತ್ತಾರೆ. ಯಾರೋ ಮೆಟ್ಟಿಲು ಹತ್ತಿ ಓಡಿಬಂದು ಬಾಗಿಲು ತಳ್ಳಿದಂತೆ. ಅದರ ಬೆನ್ನಿಗೇ ಪಲ್ಲವಿ. ಪೀಠಿಕೆ ಇಲ್ಲ, ಚರಣ ಕಾಯುವುದಿಲ್ಲ. ಪಲ್ಲವಿಯಿಂದಲೇ ಶುರುಮಾಡಿ ಎಂದು ಸೂಚಿಸಿದವರು ಜಾರ್ಜ್ ಮಾರ್ಟಿನ್ ಎನ್ನುತ್ತಾರೆ. ಪಲ್ಲವಿಯಿಂದ ಆರಂಭಿಸುವುದು ನಮ್ಮ ಕೃತಿಗಳಲ್ಲಿ ಸಾಮಾನ್ಯ ಸಂಗತಿ, ಅಲ್ಲಿನ ಪಾಪ್ ಹಾಡುಗಳಲ್ಲಿ ಮಾತ್ರ ಚರಣ ಮೊದಲು ಬಂದು ಪಲ್ಲವಿಗೆ ದಾರಿ ಮಾಡಿಕೊಡುವುದು ರೂಢಿ. ಸಂತೋಷದ ಸುದ್ದಿ ತಂದವನು ಬಾಗಿಲಲ್ಲಿ ನಿಂತು ಕುಶಲಪ್ರಶ್ನೆ ಕೇಳುತ್ತಾ ಕೂರುವುದಿಲ್ಲ. ಸುದ್ದಿಯನ್ನು ಮೊದಲು ಕೂಗಿ, ಆಮೇಲೆ ನಿನ್ನೆ ಏನಾಯಿತೆಂದರೆ ಎಂದು ವಿವರಕ್ಕೆ ಇಳಿಯುತ್ತಾನೆ. ಹಾಡಿನ ಕಟ್ಟಡವೂ ಹಾಗೇ ಇದೆ.

ಈಗ ಸ್ವರಗಳ ವಿಚಾರ. ಹಾಡಿನ ನೆಲೆ ಜಿ ಮೇಜರ್. ಜಿ ಸ್ವರವನ್ನು ನಾವು ಷಡ್ಜವೆಂದು ಇಟ್ಟುಕೊಂಡರೆ, ಗಿಟಾರಿನವರು ಕಾರ್ಡ್ ಎನ್ನುವ ಸ್ವರಗುಚ್ಛಗಳ ನಡೆಯನ್ನು ನಮ್ಮ ಭಾಷೆಯಲ್ಲೇ ಅರ್ಥಮಾಡಿಕೊಳ್ಳಬಹುದು. ನೆಲೆಯ ಗುಚ್ಛ ಸ-ಗ-ಪ. ಗ ಎಂದರೆ ಅಂತರ ಗಾಂಧಾರ. ಆದರೆ ಹಾಡು ಅಲ್ಲಿಂದ ಶುರುವಾಗುವುದಿಲ್ಲ. ಮೊದಲ ಗುಚ್ಛ ಇ ಮೈನರ್, ಅಂದರೆ ಚತುಶ್ರುತಿ ಧೈವತವನ್ನು ಬುಡದಲ್ಲಿಟ್ಟುಕೊಂಡ ಧ-ಸ-ಗ. ಮನೆಯ ಅಂಗಳದಲ್ಲಿ ನಿಲ್ಲದೆ ಬೇಲಿಯಾಚೆಯಿಂದಲೇ ಕೂಗಿದ ಹಾಗೆ ಕೇಳಿಸುವುದು ಇದರಿಂದ. ನಾಲ್ಕು ಹೆಜ್ಜೆಗಳಲ್ಲಿ ಹಾಡು ಮನೆ ಸೇರುತ್ತದೆ.

ಚರಣದ ಕೊನೆಯ ಭಾಗದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅವಳು ನಿನ್ನನ್ನು ಪ್ರೀತಿಸುತ್ತಾಳೆ, ನಿನಗೆ ಸಂತೋಷವಾಗಬೇಕು ಎಂಬ ಅರ್ಥದ ಮಾತು ಬರುವಲ್ಲಿ ಗುಚ್ಛವು ಸಿ ಮೈನರ್‌ಗೆ ತಿರುಗುತ್ತದೆ. ಅದರಲ್ಲಿ ಇರುವುದು ಶುದ್ಧ ಧೈವತ. ಇಡೀ ಹಾಡಿನ ಬೆಳಕಿಗೆ ಕಾರಣವಾದ ಧೈವತವೇ ಅಲ್ಲಿ ಅರ್ಧ ಹೆಜ್ಜೆ ಕೆಳಗಿಳಿದು, ಸಂತೋಷವೆಂಬ ಮಾತಿನ ಮೇಲೆ ಒಂದು ಕ್ಷಣ ನೆರಳು ಹಾಯುತ್ತದೆ. ಯಾರದೋ ನೋವು, ಯಾರದೋ ಹಟ ಇನ್ನೂ ಪೂರ್ತಿ ಕರಗಿಲ್ಲ ಎಂಬುದು ಮಾತಿಗಿಂತ ಮೊದಲು ಸ್ವರಕ್ಕೆ ತಿಳಿದಿದೆ. ಆ ನೆರಳನ್ನು ಚದುರಿಸುವಂತೆ ಹಾಡುವವರು ಕಂಠವನ್ನು ಮೇಲಕ್ಕೆ ಹಾರಿಸಿ ‘ಊ’ ಎನ್ನುತ್ತಾರೆ. ಈ ಕೂಗನ್ನು ತಾವು ಐಸ್ಲಿ ಬ್ರದರ್ಸ್ ತಂಡದ ‘ಟ್ವಿಸ್ಟ್ ಅಂಡ್ ಶೌಟ್’ನಿಂದ ಎತ್ತಿಕೊಂಡು ಎಲ್ಲದಕ್ಕೂ ಅಂಟಿಸುತ್ತಿದ್ದೆವು ಎಂದು ಲೆನನ್ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾರೆ. ವೇದಿಕೆಯ ಮೇಲೆ ಆ ‘ಊ’ಗೆ ಅವರು ತಲೆಗೂದಲು ಕೊಡವುತ್ತಿದ್ದರು, ಆ ಕ್ಷಣಕ್ಕೆ ಸಭಾಂಗಣದ ಕಿರುಚಾಟ ಮುಗಿಲು ಮುಟ್ಟುತ್ತಿತ್ತು. ಹಳೆಯ ಚಿತ್ರಗಳಲ್ಲಿ ನೀವದನ್ನು ನೋಡಿರುತ್ತೀರಿ.

ಕಂಠಗಳನ್ನೂ ಗಮನಿಸಬೇಕು. ಲೆನನ್ ಮತ್ತು ಮೆಕಾರ್ಟ್ನಿ ಚರಣದುದ್ದಕ್ಕೂ ಒಟ್ಟಿಗೇ ಹಾಡುತ್ತಾರೆ. ಒಂದೇ ಸ್ವರದಲ್ಲಿ ಹೊರಟು, ಕವಲೊಡೆದು, ಮತ್ತೆ ಕೂಡುತ್ತಾರೆ. ಇಬ್ಬರ ದನಿಯ ಗುಣ ಬೇರೆ ಬೇರೆ, ಒಂದು ಒರಟು, ಇನ್ನೊಂದು ನುಣುಪು, ಆದರೂ ಇಲ್ಲಿ ಯಾರು ಮುಖ್ಯ ಗಾಯಕ ಎಂದು ಬೊಟ್ಟು ಮಾಡಲಾಗುವುದಿಲ್ಲ. ‘ನಾನು’ ಎಂಬುದನ್ನು ಮಾತಿನಲ್ಲಿ ಹಿಂದೆ ಸರಿಸಿದವರು ಹಾಡುಗಾರಿಕೆಯಲ್ಲೂ ಸರಿಸಿದ್ದಾರೆ.

ಕೊನೆಯ ಸ್ವರಗುಚ್ಛದ ಬಗ್ಗೆ ಸ್ಟುಡಿಯೋದಲ್ಲಿ ಒಂದು ಚಿಕ್ಕ ವಾದವೇ ನಡೆಯಿತು. ಹುಡುಗರು ಹಾಡನ್ನು ಸ-ಗ-ಪದಲ್ಲಿ ನಿಲ್ಲಿಸದೆ ಅದಕ್ಕೆ ಧೈವತವನ್ನೂ ಸೇರಿಸಿ ಮುಗಿಸಿದರು. ಮಾರ್ಟಿನ್ ನೆನಪಿಸಿಕೊಳ್ಳುವಂತೆ ಜಾರ್ಜ್ ಹ್ಯಾರಿಸನ್ ಹಾಡಿದ್ದು ಆ ಆರನೆಯ ಸ್ವರ, ಉಳಿದಿಬ್ಬರು ಗಾಂಧಾರ, ಪಂಚಮ. ಗಿಲ್ಡ್‌ಹಾಲ್ ಸಂಗೀತ ಶಾಲೆಯಲ್ಲಿ ಕಲಿತ ಮಾರ್ಟಿನ್ ಅವರಿಗೆ ಅದು ಹಳಸಲು ಎನಿಸಿತು, ಗ್ಲೆನ್ ಮಿಲ್ಲರ್ ಕಾಲದ ನೃತ್ಯವೃಂದಗಳು ಸವೆಸಿ ಬಿಟ್ಟ ಮುಕ್ತಾಯವಾಗಿ ಕಂಡಿತು. ಹುಡುಗರು ಪಟ್ಟು ಬಿಡಲಿಲ್ಲ. ಅವರಿಗೆ ಅದರ ಚರಿತ್ರೆ ಗೊತ್ತಿರಲಿಲ್ಲ, ಅದು ಚೆನ್ನಾಗಿದೆ ಎಂಬುದಷ್ಟೇ ಗೊತ್ತಿತ್ತು. ಮಾರ್ಟಿನ್ ಅವರ ದೊಡ್ಡತನವೆಂದರೆ ತಾವು ಬಲ್ಲದ್ದನ್ನು ಹೇಳಿ, ಆಮೇಲೆ ಹುಡುಗರ ಕಿವಿಯನ್ನು ನಂಬಿದ್ದು. ಧೈವತದಿಂದ ಹೊರಟ ಹಾಡು, ನಡುವೆ ಆ ಧೈವತವನ್ನು ಬಾಗಿಸಿ, ಕೊನೆಗೆ ಅದನ್ನೇ ನೆಲೆಯ ಗುಚ್ಛದೊಳಗೆ ಕೂರಿಸಿಕೊಂಡು ನಿಲ್ಲುತ್ತದೆ. ಅವರು ಇದನ್ನು ಲೆಕ್ಕ ಹಾಕಿ ಮಾಡಿದರೆಂದು ನಾನು ಹೇಳುವುದಿಲ್ಲ. ಲೆಕ್ಕ ಹಾಕದೆ ಹೀಗೆ ಮಾಡಬಲ್ಲವರಾಗಿದ್ದರು ಎಂಬುದೇ ನನ್ನ ಬೆರಗು.

ಹಾಡು ಹೊರಬಂದ ಮೇಲಿನ ಕಥೆ ಬಹಳ ಜನಕ್ಕೆ ಗೊತ್ತಿದೆ. ಬಿಡುಗಡೆಗೆ ಮೊದಲೇ ಲಕ್ಷಗಟ್ಟಲೆ ಮುಂಗಡ ಬೇಡಿಕೆ ಬಂದಿತ್ತು. ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ಪಟ್ಟಿಯ ತುದಿಗೇರಿ 4 ವಾರ ನಿಂತಿತು, ಇಳಿಯಿತು, ಮತ್ತೆ ನವೆಂಬರ್ ಕೊನೆಯಲ್ಲಿ ತುದಿಗೆ ಮರಳಿ ಇನ್ನೂ 2 ವಾರ ಉಳಿಯಿತು. ಅಕ್ಟೋಬರ್ 13ರಂದು ಲಂಡನ್ ಪಲಾಡಿಯಂನ ಟೆಲಿವಿಷನ್ ಕಾರ್ಯಕ್ರಮ, ನವೆಂಬರ್ 4ರಂದು ರಾಜಮನೆತನದವರ ಎದುರು ಹಾಡಿದ ರಾಯಲ್ ವೆರೈಟಿ ಪ್ರದರ್ಶನ, ಇವೆರಡರ ನಡುವೆ ಪತ್ರಿಕೆಗಳಿಗೆ ‘ಬೀಟಲ್‌ಮೇನಿಯಾ’, ಅಂದರೆ ಬೀಟಲ್ಸ್ ಹುಚ್ಚು, ಎಂಬ ಪದ ರೂಢಿಯಾಯಿತು. ಬ್ರಿಟನ್ನಿನಲ್ಲಿ ಅದುವರೆಗೆ ಅತಿ ಹೆಚ್ಚು ಮಾರಾಟವಾದ ಸಿಂಗಲ್ ಎಂಬ ಸ್ಥಾನ ಈ ಹಾಡಿನದಾಗಿ, ‘ಮಲ್ ಆಫ್ ಕಿಂಟೈರ್’ ಬರುವವರೆಗೆ ಹಾಗೇ ಉಳಿಯಿತು. ಆ 1977ರ ಹಾಡೂ ಮೆಕಾರ್ಟ್ನಿಯವರದೇ.

ಅಮೆರಿಕದಲ್ಲಿ ಮಾತ್ರ ಇದೇ ಹಾಡು ಮೊದಲು ಮುಗ್ಗರಿಸಿತು. ಇಎಂಐಗೇ ಸೇರಿದ ಕ್ಯಾಪಿಟಲ್ ಕಂಪನಿ ಇದನ್ನು ಬೇಡವೆಂದಿತು. ಫಿಲಡೆಲ್ಫಿಯಾದ ಸ್ವಾನ್ ಎಂಬ ಸಣ್ಣ ಕಂಪನಿ 1963ರ ಸೆಪ್ಟೆಂಬರಿನಲ್ಲಿ ಹೊರತಂದಾಗ ಯಾರೂ ತಿರುಗಿ ನೋಡಲಿಲ್ಲ. 1964ರ ಫೆಬ್ರವರಿ 9ರಂದು ಎಡ್ ಸಲಿವನ್ ಟೆಲಿವಿಷನ್ ಕಾರ್ಯಕ್ರಮದಲ್ಲಿ ಅವರು ಇದನ್ನು ಹಾಡಿದಾಗ ನೋಡಿದವರು ಸುಮಾರು 7 ಕೋಟಿ 30 ಲಕ್ಷ ಜನ. ಮಾರ್ಚ್ 21ರ ಹೊತ್ತಿಗೆ ಅದೇ ಸ್ವಾನ್ ಕಂಪನಿಯ ಅದೇ ರೆಕಾರ್ಡು ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯ ಹಾಡುಗಳ ಪಟ್ಟಿಯ ಮೊದಲ ಸ್ಥಾನದಲ್ಲಿತ್ತು, ಏಪ್ರಿಲ್ 4ರಂದು ಆ ಪಟ್ಟಿಯ ಮೊದಲ ಐದೂ ಸ್ಥಾನಗಳು ಬೀಟಲ್ಸ್ ಪಾಲಾಗಿದ್ದವು. ಹಾಡಿನಲ್ಲಿ ಒಂದು ಸ್ವರವೂ ಬದಲಾಗಿರಲಿಲ್ಲ.

ಕಡೆಯದಾಗಿ, ನನ್ನನ್ನು ಇಂದಿಗೂ ಕಾಡುವ ಒಂದು ನಷ್ಟದ ಸಂಗತಿ. ಪಶ್ಚಿಮ ಜರ್ಮನಿಯ ಮಾರುಕಟ್ಟೆಗಾಗಿ 1964ರ ಜನವರಿ 29ರಂದು ಪ್ಯಾರಿಸ್ಸಿನ ಸ್ಟುಡಿಯೋದಲ್ಲಿ ಅವರು ಈ ಹಾಡನ್ನು ಜರ್ಮನ್ ಭಾಷೆಯಲ್ಲಿ ಹಾಡಿದರು. ಹಳೆಯ ವಾದ್ಯಪಥದ ಮೇಲೆ ಹೊಸ ಮಾತು ಕೂರಿಸಿದ್ದರೆ ಸಾಕಿತ್ತು, ಅದೇ ದಿನ ಇನ್ನೊಂದು ಹಾಡಿಗೆ ಹಾಗೆಯೇ ಮಾಡಿದರು. ಇದಕ್ಕೆ ಮಾತ್ರ ವಾದ್ಯಗಳನ್ನೂ ಮತ್ತೆ ನುಡಿಸಬೇಕಾಯಿತು, ಏಕೆಂದರೆ ಜುಲೈ 1ರ ಮೂಲ ಟೇಪು ಆಗಲೇ ಇರಲಿಲ್ಲ. ಅಂತಿಮ ಮಿಶ್ರಣವಾದ ಮೇಲೆ ಸಿಂಗಲ್‌ಗಳ ಮೂಲ ಟೇಪನ್ನು ಅಳಿಸಿ ಮರುಬಳಕೆ ಮಾಡುವುದು ಆ ಕಾಲದ ಪದ್ಧತಿ. ಆದ್ದರಿಂದಲೇ 2023ರವರೆಗೆ ಈ ಹಾಡಿಗೆ ನಿಜವಾದ ಸ್ಟೀರಿಯೋ ರೂಪ, ಅಂದರೆ ಧ್ವನಿಯನ್ನು ಎಡಬಲಕ್ಕೆ ಹಂಚಿದ ರೂಪ, ಇರಲಿಲ್ಲ. ಜುಲೈ 4ರಂದು ಮಾಡಿದ ಆ ಒಂದೇ ಮೋನೋ ಮಿಶ್ರಣವೇ ಜಗತ್ತು ಅಲ್ಲಿಯವರೆಗೆ ಕೇಳುತ್ತಿದ್ದದ್ದು. ಅದರಲ್ಲಿ ಗಿಟಾರು, ಡ್ರಮ್ಮು, ಮೂವರ ಕಂಠ ಎಲ್ಲವೂ ಒಂದಕ್ಕೊಂದು ಬೆಸೆದುಕೊಂಡಿವೆ. ಆ ಮಿಶ್ರಣದ ಕೊನೆಯ ಹತ್ತು ಸೆಕೆಂಡುಗಳನ್ನು ಈಗ ಇನ್ನೊಮ್ಮೆ ಹಾಕುತ್ತೇನೆ. ಎಲ್ಲವೂ ನಿಲ್ಲುವ ಆ ಜಾಗದಲ್ಲಿ, ಉಳಿದೆರಡು ದನಿಗಳನ್ನು ಬಿಟ್ಟು, ಧೈವತ ಹಿಡಿದಿರುವ 20 ವರ್ಷದ ಆ ಹುಡುಗನ ದನಿಯನ್ನಷ್ಟೇ ಹುಡುಕಿ ಕೇಳಿ.